ಬಟನ್ ಒತ್ತುವ ಮುನ್ನ ನಿಲ್ಲುತ್ತಿದ್ದ ಸಿನಿಮಾ

ಆಂಟಿಯ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಬಲಗಣ್ಣನ್ನು ಕ್ಯಾಮೆರಾಗೆ ಒತ್ತಿ ಹಿಡಿದು ಹಿಡಿದು ಆದ ಅಭ್ಯಾಸ. ಬದನೆಕಾಯಿ ಆರಿಸುವಾಗಲೂ ಹಾಗೇ ನೋಡುತ್ತಿದ್ದರು. ತರಕಾರಿಯವನು ತನ್ನ ತಕ್ಕಡಿಯ ಮೇಲೆ ಅನುಮಾನವೇನೋ ಎಂದುಕೊಂಡು ಒಂದೆರಡು ಹೆಚ್ಚೇ ಹಾಕುತ್ತಿದ್ದ.

ಕುಕ್ ಟೌನಿನ ಹಳೇ ಮನೆಯ ಮುಂದಿನ ಕೋಣೆಯೇ ಅವರ ಸ್ಟುಡಿಯೋ. ಕೆ.ಆರ್. ಪುರದಿಂದ ಬಸ್ಸು ಹಿಡಿದು ನಾನು ಅಲ್ಲಿಗೆ ಫೋಟೋ ತೆಗೆಯುವುದನ್ನು ಕಲಿಯಲು ಹೋಗುತ್ತಿದ್ದೆ. ನಮ್ಮ ಹೊಲವಿದ್ದ ಜಾಗದಲ್ಲಿ ಅಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು, ಮಗಳು ಅವನ್ನು ನೋಡಿಕೊಂಡಿದ್ದರೆ ಸಾಕು ಎನ್ನುತ್ತಿದ್ದರು. ನನಗೆ ಕ್ಯಾಮೆರಾ ಬಿಟ್ಟು ಬೇರೇನೂ ಬೇಕಿರಲಿಲ್ಲ.

ಭಾನುವಾರ ಚರ್ಚ್ ಮುಗಿಸಿ ಬಂದ ಆಂಟಿ, ಗಿರಾಕಿಗಳ ಬೆನ್ನ ಹಿಂದೆ ಇಳಿಬಿಡುವ ಬಿಳಿ ಪರದೆಯ ಮೇಲೆ ಶಿಷ್ಯರಿಗೆಲ್ಲ ಸಿನಿಮಾ ತೋರಿಸುತ್ತಿದ್ದರು. ಫೋಟೋಗ್ರಾಫರ್‌ಗಳ ಕಥೆಯಿರುವ ಸಿನಿಮಾಗಳು ಮಾತ್ರ. ಯುದ್ಧಕ್ಕೆ ಹೋದವರು, ಪತ್ರಿಕೆಯವರು, ಸಣ್ಣ ಊರಿನಲ್ಲಿ ಸ್ಟುಡಿಯೋ ಇಟ್ಟವರು. ನಮ್ಮ ಸಿನಿಮಾಗಳ ನಾಯಕ ಕ್ಯಾಮೆರಾ ಹಿಡಿಯುವುದು ನಾಯಕಿಯನ್ನು ಹುಡುಕುವುದಕ್ಕೇ ತಾನೆ! ಅಂಥದ್ದು ಬಂದಾಗ ಆಂಟಿ ಪರದೆಯ ಹತ್ತಿರ ಹೋಗಿ, “ಲೆನ್ಸ್ ಮುಚ್ಚಳಾನೇ ತೆಗ್ದಿಲ್ಲ ನೋಡು ಮಾ. ಇವ್ನಿಗೆ ಆ ಹುಡ್ಗಿ ಹೆಂಗ್ ಕಾಣ್ತಾಳೆ?” ಎನ್ನುತ್ತಿದ್ದರು.

ಒಳ್ಳೆಯ ಸಿನಿಮಾ ಬಂದರೆ ಮಾತ್ರ ಅವರು ಅದನ್ನು ಪೂರ್ತಿ ಓಡಲು ಬಿಡುತ್ತಿರಲಿಲ್ಲ. ಎದುರಿಗೆ ಯಾರೋ ಗಾಯಗೊಂಡು ಬಿದ್ದಿದ್ದಾರೆ, ಫೋಟೋಗ್ರಾಫರ್ ಕ್ಯಾಮೆರಾ ಎತ್ತುತ್ತಾನೆ. ಬಟನ್ ಒತ್ತುವ ಮುನ್ನ ಸಿನಿಮಾ ನಿಲ್ಲಿಸಿ, “ಇಲ್ಲಿ ನೀನಿದ್ರೆ?” ಎಂದು ಕೇಳುತ್ತಿದ್ದರು. ನಾವು ಕಿತ್ತಾಡುತ್ತಿದ್ದೆವು. ಕ್ಯಾಮೆರಾ ಬಿಸಾಕಿ ಅವನನ್ನು ಎತ್ತಬೇಕು ಎಂದು ಎಲ್ಲರಿಗಿಂತ ಜೋರಾಗಿ ವಾದಿಸುತ್ತಿದ್ದವಳು ನಾನೇ. ನೋಡಲೇಬೇಕಾದ ಸಿನಿಮಾ ಎಂದರೆ ಅವರ ಪ್ರಕಾರ ನಿಲ್ಲಿಸಿದ ಮೇಲೂ ಜಗಳ ನಡೆಯುವ ಸಿನಿಮಾ. ತಮ್ಮ ಉತ್ತರವನ್ನು ಮಾತ್ರ ಅವರು ಎಂದೂ ಹೇಳಲಿಲ್ಲ.

ಕಂಟೋನ್ಮೆಂಟಿನ ಎಷ್ಟೋ ಮನೆಗಳಲ್ಲಿ ಶವಪೆಟ್ಟಿಗೆ ಮುಚ್ಚುವ ಮುನ್ನ ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಕೆಲಸಕ್ಕೆ ಆಂಟಿಯೇ ಹೋಗಬೇಕು. ನನ್ನನ್ನು ಮೊದಲ ಸಲ ಕರೆದುಕೊಂಡು ಹೋದಾಗ, ಅಳುವ ಮುಖಗಳಿಗೆ ಕ್ಯಾಮೆರಾ ಹಿಡಿಯಲಾಗದೆ ನಾನು ಗೇಟಿನ ಹೊರಗೆ ಬಂದು ನಿಂತುಬಿಟ್ಟೆ.

“ಅಳು ಬಂದ್ರೆ ತಪ್ಪಲ್ಲ ಮಾ,” ಎಂದರು ಆಂಟಿ. “ಆದ್ರೆ ಅವ್ರು ನಮ್ಮನ್ನ ಕರ್ದಿರೋದು ಫೋಟೋಗೆ. ಇನ್ನೊಂದ್ಸಲ ಬಾ. ಆಗ್ಲೂ ಆಗ್ಲಿಲ್ಲ ಅಂದ್ರೆ ಬೇರೆ ಕೆಲ್ಸ ನೋಡ್ಕೊ.”

ಅಪ್ಪನ ಬಾಡಿಗೆ ಮನೆಗಳು ನನ್ನ ಕಣ್ಣ ಮುಂದೆ ಬಂದವು.

ಎರಡನೆಯದು ಫ್ರೇಜರ್ ಟೌನಿನ ಒಂದು ಮನೆ. ಆಂಟಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಎಲ್ಲರನ್ನೂ ನಿಲ್ಲಿಸಿದ್ದರು. ತೀರಿಕೊಂಡವರ ಹೆಂಡತಿಯ ಕಾಲು ಕುಸಿಯಿತು. ನಾನು ನೋಡುವಷ್ಟರಲ್ಲಿ ಆಂಟಿ ಕ್ಯಾಮೆರಾ ಬಿಟ್ಟು ಹೋಗಿ ಅವರ ಸೊಂಟ ಬಳಸಿ ಹಿಡಿದಿದ್ದರು. ಅಲ್ಲಿಂದಲೇ ನನ್ನತ್ತ ನೋಡಿ, “ಒತ್ತು,” ಎಂದರು.

“ನೀವು ಫೋಟೋದಲ್ಲಿ ಬರ್ತಿದೀರ ಆಂಟಿ.”

“ಬರ್ತೀನಿ. ಒತ್ತು.”

ಒತ್ತಿದೆ. ಮನೆಯವರ ನಡುವೆ ಫೋಟೋಗ್ರಾಫರೇ ನಿಂತ ಫೋಟೋ ಯಾರಿಗೆ ಬೇಕು? ಕಂಪ್ಯೂಟರಿನಲ್ಲಿ ಅವರನ್ನು ತೆಗೆದುಹಾಕಿ ಕೊಡುತ್ತೇನೆಂದು ಆ ಮನೆಯ ಮಗಳಿಗೆ ಹೇಳಿದೆ. “ಬೇಡ ರೀ, ಅವ್ರು ಹಿಡ್ಕೊಳ್ದೆ ಇದ್ರೆ ಅಮ್ಮ ನಿಲ್ತಾನೇ ಇರ್ಲಿಲ್ಲ,” ಎಂದರು ಆಕೆ. ಭಾನುವಾರದ ಜಗಳಗಳಲ್ಲಿ ನಾನು ಗೆದ್ದಿದ್ದೂ ಅಲ್ಲ, ಸೋತಿದ್ದೂ ಅಲ್ಲ ಎಂದು ಅವತ್ತು ತಿಳಿಯಿತು. ಎತ್ತಲು ಒಬ್ಬರು ಬೇಕು, ಒತ್ತಲೂ ಒಬ್ಬರು ಬೇಕು.

ಹೋದ ವರ್ಷ ಆಂಟಿ ತೀರಿಕೊಂಡರು. ಅವರ ತಂಗಿಯನ್ನು ಬಿಟ್ಟರೆ ಪೆಟ್ಟಿಗೆಯ ಸುತ್ತ ಇದ್ದವರು ನಾವು ಶಿಷ್ಯರೇ. ಕೋಣೆ ತುಂಬ ಫೋಟೋಗ್ರಾಫರ್‌ಗಳು, ಪ್ರತಿಯೊಬ್ಬರಿಗೂ ಆಂಟಿಯ ಪಕ್ಕ ನಿಲ್ಲುವಾಸೆ. ಕ್ಯಾಮೆರಾದ ಹಿಂದೆ ಹೋಗುವವರು ಯಾರೂ ಇಲ್ಲ. ತಾನಾಗಿಯೇ ಕ್ಲಿಕ್ ಆಗುವಂತೆ ಟೈಮರ್ ಇಡೋಣ ಎಂದರು ಯಾರೋ. ಟೈಮರ್ ಕಂಡರೆ ಆಂಟಿಗೆ ಆಗುತ್ತಿರಲಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಆ ಮಾತು ಅಲ್ಲಿಗೇ ನಿಂತಿತು.

“ಯಾರಾದ್ರೂ ತೆಗೀರಪ್ಪ, ಫಾದರ್ ಕಾಯ್ತಿದಾರೆ,” ಎಂದರು ತಂಗಿ.

ನಾನು ಆಂಟಿಯ ಪಕ್ಕದಿಂದ ಸರಿದು ಕ್ಯಾಮೆರಾದ ಹಿಂದೆ ಹೋದೆ. ಅಳುತ್ತಲೇ ಫೋಕಸ್ ಮಾಡಿದೆ, ಅಳುತ್ತಲೇ ಒತ್ತಿದೆ. ಫೋಟೋ ಚೂರೂ ಅಲುಗದೆ ಬಂದಿದೆ. ಆ ಫೋಟೋದಲ್ಲಿ ನಾನಿಲ್ಲ. ಅದನ್ನು ತೆಗೆದವಳು ನಾನು.