ಉಸಿರು ಕಟ್ಟಿದವನಿಗೆ ಹೇಳಿದ ಮಾತು

ಮೊನ್ನೆ ಆದಿ ಉಡುಪಿಯ ಸಂತೆಗೆ ತರಕಾರಿ ತರಲು ಹೋಗಿದ್ದೆ. ರಸ್ತೆ ಬದಿಯ ಗೂಡಂಗಡಿಯಲ್ಲಿ ಒಬ್ಬ ಮುದುಕ ತೆಂಗಿನ ಗೆರಟೆಯ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯಿಂದ ಅಂಗಿ ಇಸ್ತ್ರಿ ಮಾಡುತ್ತಿದ್ದ. ಈಗ ಇಂಥವರು ಎಲ್ಲಿದ್ದಾರೆ? ನೀರು ಚಿಮುಕಿಸಿದ ಹತ್ತಿಬಟ್ಟೆಯ ಮೇಲೆ ಬಿಸಿ ಪೆಟ್ಟಿಗೆ ಹಾಯುವಾಗ ಏಳುವ ಹಬೆ, ಅದರ ಜೊತೆಗೆ ಸುಟ್ಟ ಗೆರಟೆಯ ವಾಸನೆ... ಕೈಯಲ್ಲಿ ಬಸಳೆಯ ಕಟ್ಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. "ಎಂತ, ಬಟ್ಟೆ ಉಂಟಾ?" ಎಂದು ಮುದುಕ ಕೇಳಿದ. ಇಲ್ಲವೆಂದು ತಲೆಯಾಡಿಸಿ ಮುಂದೆ ನಡೆದೆ. ಮನೆ ಸೇರುವವರೆಗೂ, ಅಂಥದೇ ಪೆಟ್ಟಿಗೆಯಿಂದ ಇಸ್ತ್ರಿ ಮಾಡುತ್ತಿದ್ದ ನಮ್ಮ ಟೈಲರಣ್ಣನೇ ತಲೆಯಲ್ಲಿದ್ದರು.

ಉಡುಪಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದು ಎರಡು ಹೊಲಿಗೆ ಯಂತ್ರಗಳ ಅಂಗಡಿ. ಒಂದು ಯಂತ್ರ ಸದಾ ಕೆಟ್ಟಿರುತ್ತಿತ್ತು. ನಲವತ್ತರ ಹತ್ತಿರದ ವಯಸ್ಸು, ಸಣಕಲು ಮೈ, ದಪ್ಪ ಗಾಜಿನ ಕನ್ನಡಕ. ಇಂಥವರು ನಮ್ಮ ಕಬಡ್ಡಿ ತಂಡದ ಏಳು ಜನರಲ್ಲಿ ಒಬ್ಬರು ಎಂದರೆ ಹೊಸಬರು ನಂಬುತ್ತಿರಲಿಲ್ಲ. ಒಂದು ಸಲ ಎದುರಿನವರ ಅಂಕಣಕ್ಕೆ ಹೋಗಿ ಬಂದರೆ ಅರ್ಧ ಗಂಟೆ ಏದುಸಿರು ಬಿಡುವ ಮನುಷ್ಯ. ಹಿಡಿಯಲು ಹೋದರೆ ಎದುರಾಳಿ ಅವರನ್ನೇ ಎಳೆದುಕೊಂಡು ಹೋಗುತ್ತಿದ್ದ. ಆದರೂ ಅವರಿಲ್ಲದೆ ನಾವು ಮೈದಾನಕ್ಕೆ ಇಳಿದದ್ದಿಲ್ಲ. ಕಾರಣ, ಅವರ ನಾಲಿಗೆ.

ಕಬಡ್ಡಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾಳಿಗೆ ಬಂದವನು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇರಬೇಕು. ನಕ್ಕರೂ, ಬೈದರೂ, ಉತ್ತರ ಕೊಟ್ಟರೂ ಆ ಸೊಲ್ಲು ಕಡಿಯುತ್ತದೆ, ಅವನು ಔಟ್. ಹಿಡಿಯುವ ನಮಗೆ ಅಂಥ ಕಟ್ಟುಪಾಡಿಲ್ಲ. ಅವನು ಬಾಯಿ ಇದ್ದೂ ಮೂಗ, ನಾವು ಏನು ಬೇಕಾದರೂ ಹೇಳಬಹುದು. ದೊಡ್ಡ ಪಂದ್ಯಗಳಲ್ಲಾದರೆ ಅಂಪೈರ್ ಗದರಿಸುತ್ತಿದ್ದರೇನೋ, ನಮ್ಮ ಊರಿನ ಪಂದ್ಯಗಳಲ್ಲಿ ಅಂಪೈರೇ ಸೀಟಿಯ ಹಿಂದೆ ನಗು ಅಡಗಿಸಿಕೊಳ್ಳುತ್ತಿದ್ದರು.

ಟೈಲರಣ್ಣನ ಬತ್ತಳಿಕೆ ತುಂಬುತ್ತಿದ್ದದ್ದು ಅವರ ಅಂಗಡಿಯಲ್ಲಿ. ಕಾಪುವಿನಿಂದ ಕಾರ್ಕಳದವರೆಗೆ ಆಡುವ ಹುಡುಗರಲ್ಲಿ ಅರ್ಧದಷ್ಟು ಜನರ ಅಂಗಿ ಪ್ಯಾಂಟು ಹೊಲಿಯುತ್ತಿದ್ದವರು ಅವರೇ. ಯಾರ ಸೊಂಟ ಎಷ್ಟು, ಯಾರು ಅಂಗಿಯ ಸವೆದ ಕಾಲರನ್ನು ಮಗುಚಿ ಹೊಲಿಸಿಕೊಂಡು ಹೊಸದೆಂದು ತಿರುಗುತ್ತಾರೆ, ಯಾರ ಕಾಲು ಬಿಲ್ಲಿನ ಹಾಗೆ ಬಾಗಿದೆ, ಎಲ್ಲ ಅವರಿಗೆ ಬಾಯಿಪಾಠ. ಶಿರ್ವದ ಒಬ್ಬ ದಾಂಡಿಗ ನುಗ್ಗಿ ಬರುವಾಗ ಇವರು ಶಾಂತವಾಗಿ, "ಕಳೆದ ಸಲಕ್ಕಿಂತ ಎರಡಿಂಚು ಜಾಸ್ತಿ ಆಗಿದೆ ಮಾರಾಯ, ನಿನಗಿಂತ ಮೊದಲು ಹೊಟ್ಟೆ ಗೆರೆ ದಾಟ್ತದೆ" ಎನ್ನುತ್ತಿದ್ದರು. ಅಣ್ಣ ಗಲ್ಫ್‌ನಿಂದ ಕಳಿಸಿದ ಬಟ್ಟೆಯಲ್ಲಿ ಬೆಲ್‌ಬಾಟಂ ಹೊಲಿಸಿದ ಇನ್ನೊಬ್ಬನಿಗೆ, "ತುಂಡು ಉಳಿದದ್ದು ಉಂಟು, ನಿನ್ನ ಅಜ್ಜನಿಗೆ ಒಂದು ಚಡ್ಡಿ ಮಾಡಿ ಕೊಡ್ಲಾ?" ಎಂದಿದ್ದರು. ಮೈದಾನದ ಮಾತೆಲ್ಲ ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಖಾರ ಅರ್ಧ ಇಳಿದಿದೆ, ಕ್ಷಮಿಸಬೇಕು. ಆ ಹುಡುಗ ಬಾಯಿ ಬಿಗಿಹಿಡಿದ, ಕೆನ್ನೆ ಉಬ್ಬಿಸಿದ, ಕೊನೆಗೆ ಪುಸಕ್ಕನೆ ನಕ್ಕ. ಸೊಲ್ಲು ಕಡಿಯಿತು, ನಮಗೆ ಒಂದು ಅಂಕ.

ಆದರೆ ಅವರಿಗೊಂದು ಕ್ರಮವಿತ್ತು. ಹೊಸದಾಗಿ ತಂಡ ಸೇರಿದಾಗ ನಾನೂ ಅವರಂತೆಯೇ ಮಾತಾಡಲು ಹೋಗಿ ಒಬ್ಬನ ತಂದೆಯ ಕುಡಿತವನ್ನು ಎತ್ತಿದ್ದೆ. ಆ ಹುಡುಗ ಸಿಟ್ಟಿನಿಂದ ನಮ್ಮ ಮೂವರನ್ನು ಮುಟ್ಟಿ ಹೋದ. ಆಟ ಮುಗಿದ ಮೇಲೆ ಟೈಲರಣ್ಣ ನನ್ನನ್ನು ಪಕ್ಕಕ್ಕೆ ಕರೆದರು.

"ಸಿಟ್ಟು ಬರಿಸಿದ್ರೆ ಅವನಿಗೆ ಬಲ ಬರ್ತದೆ. ನಗು ಬರಿಸಿದ್ರೆ ಉಸಿರು ಹೋಗ್ತದೆ. ಅವನಿಗೂ ನಗು ಬರುವಂಥದ್ದು ಮಾತ್ರ ಹೇಳ್ಬೇಕು. ಗೊತ್ತಾಯ್ತಾ?"

ಹಾಗಾಗಿಯೇ ಭಾನುವಾರ ಅವರಿಂದ ಲೇವಡಿ ಮಾಡಿಸಿಕೊಂಡವರು ಸೋಮವಾರ ಅದೇ ಅಂಗಡಿಗೆ ಬಟ್ಟೆ ತರುತ್ತಿದ್ದರು. ಅಳತೆ ಕೊಡುತ್ತಾ, ಮುಂದಿನ ಪಂದ್ಯಕ್ಕೆ ಇದನ್ನೂ ಇಟ್ಟುಕೊಳ್ಳಿ ಎಂದು ತಾವೇ ನಗುತ್ತಿದ್ದರು.

ಎಪ್ಪತ್ತೊಂಬತ್ತೋ, ಎಂಬತ್ತೋ... ಬಿ.ಕಾಂ. ಮುಗಿಸಿ ಎರಡು ವರ್ಷ ಕೆಲಸವಿಲ್ಲದೆ ಕೂತಿದ್ದೆ. ಮಳೆಗಾಲದೊಳಗೆ ಏನೂ ಆಗದಿದ್ದರೆ ಬೊಂಬಾಯಿಯಲ್ಲಿ ಮಾವನ ಹೋಟೆಲಿಗೆ ಕಳಿಸುವುದೆಂದು ಅಪ್ಪ ನಿಶ್ಚಯಿಸಿಯಾಗಿತ್ತು. ಆಗ ಒಂದು ಸುದ್ದಿ ಬಂತು. ಕಾಪುವಿನಲ್ಲಿ ನಡೆಯುವ ಪಂದ್ಯ ನೋಡಲು ಒಂದು ಬ್ಯಾಂಕಿನವರು ಬರುತ್ತಾರೆ, ತಮ್ಮ ತಂಡಕ್ಕೆ ಒಬ್ಬ ಆಟಗಾರನನ್ನು ಆರಿಸಿ ಗುಮಾಸ್ತನ ಕೆಲಸ ಕೊಡುತ್ತಾರೆ ಎಂದು. ಒಬ್ಬನೇ ಒಬ್ಬ. ಆ ಒಬ್ಬ ಯಾರು ಎನ್ನುವುದರ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಕಾರ್ಕಳ ತಂಡದಲ್ಲಿ ನನ್ನದೇ ವಯಸ್ಸಿನ ಒಬ್ಬ ದಾಳಿಗಾರನಿದ್ದ. ಎಡಗೈಯನ್ನು ಮೈಗೆ ಒತ್ತಿಟ್ಟುಕೊಂಡು, ಬಲಗೈ ಒಂದನ್ನೇ ಚಾಚಿ, ಮೀನು ನುಸುಳಿದ ಹಾಗೆ ಬಂದು ಮುಟ್ಟಿ ಹೋಗುತ್ತಿದ್ದ. ಅದು ಅವನ ಶೈಲಿ ಎಂದು ಎಲ್ಲರೂ ಮೆಚ್ಚುತ್ತಿದ್ದರು. ಟೈಲರಣ್ಣನ ಯಾವ ಮಾತಿಗೂ ಅವನು ನಕ್ಕದ್ದಿಲ್ಲ.

ಪಂದ್ಯದ ಹಿಂದಿನ ದಿನ ಶನಿವಾರ ಮಧ್ಯಾಹ್ನ ನಾನು ಅಂಗಡಿಗೆ ಹೋದಾಗ ಅವನು ಒಳಗಿನ ಪರದೆ ಸರಿಸಿ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹೊರಗೆ ಬಂದ. ನನ್ನನ್ನು ನೋಡಿ ತಲೆ ತಗ್ಗಿಸಿ ಹೊರಟುಹೋದ. ಬ್ಯಾಂಕಿನ ಸಂದರ್ಶನಕ್ಕೆಂದು ಅಂಗಿ ಹೊಲಿಸಲು ಕೊಟ್ಟಿದ್ದನಂತೆ. ಪಂದ್ಯವೇ ಆಗಿಲ್ಲ, ಆಗಲೇ ಅಂಗಿ!

"ಅಣ್ಣ, ನಾಳೆ ಅವನನ್ನು ಹೇಗಾದ್ರೂ ಮಾಡಿ ನಿಲ್ಲಿಸಿ ಕೊಡಿ" ಎಂದು ಅಂಗಲಾಚಿದೆ. "ಅವನನ್ನು ಒಮ್ಮೆ ನಾನು ಹಿಡಿದದ್ದು ಬ್ಯಾಂಕಿನವರು ನೋಡಿದ್ರೆ ಸಾಕು. ಇಲ್ಲದಿದ್ರೆ ನಾನು ಬೊಂಬಾಯಿಯಲ್ಲಿ ಪ್ಲೇಟು ಎತ್ತುವುದೇ."

ಟೈಲರಣ್ಣನ ಬಾಯಿಯಲ್ಲಿ ಗುಂಡುಸೂಜಿಗಳಿದ್ದವು. ಒಂದೊಂದನ್ನೇ ತೆಗೆದು ಬಟ್ಟೆಗೆ ಚುಚ್ಚಿದರು. ಎಲ್ಲ ಮುಗಿದ ಮೇಲೆ, "ನೋಡುವ" ಎಂದರು, ಅಷ್ಟೆ. ಅವರಿಗೆ ಮಕ್ಕಳಿರಲಿಲ್ಲ. ಹಬ್ಬಕ್ಕೆ ನನಗೊಂದು ಅಂಗಿ ಹೊಲಿದು ಕೊಡುತ್ತಿದ್ದರು. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಮರುದಿನ ಅವರು ಮಾಡಿದ್ದು ಗೆಲುವಿಗಾಗಿ ಅಲ್ಲ, ನನಗಾಗಿ. ಅಷ್ಟು ನನಗೆ ಗೊತ್ತು.

ಕಾಪುವಿನ ಶಾಲೆಯ ಮೈದಾನ, ಬೆಳಗ್ಗಿನ ಬಿಸಿಲು, ಮೇಜಿನ ಹಿಂದೆ ಬಿಳಿ ಅಂಗಿಯ ಮೂವರು ಬ್ಯಾಂಕಿನವರು. ಕೊನೆಯ ಕೆಲವು ನಿಮಿಷಗಳಲ್ಲಿ ಅಂಕ ಸಮಸಮ ಇತ್ತು. ಕಾರ್ಕಳದವನು ದಾಳಿಗೆ ಬಂದ. ನಾನು ನಮ್ಮ ಬಲಮೂಲೆಯಲ್ಲಿದ್ದೆ; ಎದುರಿಗೆ ಬರುವವನ ಎಡಗೈ ನನ್ನ ಕಡೆಗಿರುತ್ತದೆ. ಅವನ ಬಲಗೈಗೆ ಹೆದರಿ ನಮ್ಮವರೆಲ್ಲ ಆ ಕಡೆಗೇ ಕಣ್ಣಿಟ್ಟಿದ್ದರು. ಆಗ ಟೈಲರಣ್ಣ ಹೇಳಿದರು. ಯಾವಾಗಿನ ಕೀಟಲೆಯ ಧ್ವನಿಯಲ್ಲ, ಗಿರಾಕಿಯ ಹತ್ತಿರ ಕೇಳಿದ ಹಾಗೆ.

"ಎಡದ ಭುಜಕ್ಕೆ ಹತ್ತಿ ಎಷ್ಟು ಇಡ್ಬೇಕು? ನಿನ್ನೆ ನೀನು ಹೇಳ್ಲೇ ಇಲ್ಲ."

ಅವನು ನಗಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಕಬಡ್ಡಿ ಕಬಡ್ಡಿ ಎನ್ನುತ್ತಲೇ ಅವರ ಕಡೆಗೆ ಒಮ್ಮೆ ತಿರುಗಿ ನೋಡಿದ. ಆ ನೋಟ... ಅದನ್ನು ಬರೆಯಲು ನನಗೆ ಬರುವುದಿಲ್ಲ. ನನಗಂತೂ ಆ ಕ್ಷಣದಲ್ಲಿ ಎಲ್ಲ ಹೊಳೆದುಹೋಯಿತು. ಎಡಗೈಯನ್ನು ಮೈಗೆ ಒತ್ತಿಟ್ಟುಕೊಳ್ಳುವುದು ಶೈಲಿಯಲ್ಲ. ಆ ಭುಜ ಎಂದೋ ಮುರಿದು ಕೆಳಗಿಳಿದದ್ದು; ಸಂದರ್ಶನದಲ್ಲಿ ಕಾಣದಿರಲೆಂದು ಅಂಗಿಯೊಳಗೆ ಹತ್ತಿ ಇಡಿಸಿಕೊಳ್ಳಲು ಬಂದಿದ್ದ. ನಾನು ಹಾರಿ ಆ ಎಡಗೈಯ ಮಣಿಕಟ್ಟು ಹಿಡಿದೆ. ಹಿಡಿದು ನಿಂತಿದ್ದರೂ ಸಾಕಿತ್ತು. ನಾನು ಎಳೆದೆ.

ಒಳಗೆ ಏನೋ ಜಾರಿದ್ದು ನನ್ನ ಅಂಗೈಗೆ ತಿಳಿಯಿತು. ಅವನು ಮಣ್ಣಿನ ಮೇಲೆ ಬಿದ್ದ. ಬಿದ್ದಲ್ಲಿಂದಲೇ ಗೆರೆಯ ಕಡೆಗೆ ಬಲಗೈ ಚಾಚಿ ಕಬಡ್ಡಿ ಕಬಡ್ಡಿ ಎನ್ನುತ್ತಿದ್ದ. ನಾನು ಬಿಡಲಿಲ್ಲ. ಉಸಿರು ಮುಗಿಯುವವರೆಗೂ ಹೇಳಿದ, ಆಮೇಲೆ ಸುಮ್ಮನಾದ. ಅಂಪೈರ್ ಸೀಟಿ ಊದಿದರು. ನಮ್ಮವರು ನನ್ನನ್ನು ಹೆಗಲಿಗೇರಿಸಿಕೊಂಡರು. ಮೇಲಿನಿಂದ ನೋಡಿದರೆ ಅವನನ್ನು ಯಾರದೋ ಕಾರಿಗೆ ಹತ್ತಿಸುತ್ತಿದ್ದರು, ಮಣಿಪಾಲಕ್ಕೆ. ಟೈಲರಣ್ಣ ಮೈದಾನದ ಬದಿಯಲ್ಲಿ ಕನ್ನಡಕ ಹಾಕಿಕೊಂಡು ಆ ಕಾರನ್ನೇ ನೋಡುತ್ತಾ ನಿಂತಿದ್ದರು.

ಕೆಲಸದ ಕಾಗದ ನನಗೆ ಬಂತು.

ಕಾಗದ ಬಂದ ವಾರ ಟೈಲರಣ್ಣ, "ಕಾರ್ಕಳಕ್ಕೆ ಹೋಗಿ ಬರುವ, ಬಾ" ಎಂದರು. ಅವನ ಮನೆಯಲ್ಲಿ ತಾಯಿ ಬೆಲ್ಲ ನೀರು ತಂದಿಟ್ಟು, ಪಾಪ, ಆಟದಲ್ಲಿ ಬಿದ್ದವನನ್ನು ನೋಡಲು ಉಡುಪಿಯಿಂದ ಬಂದಿರಲ್ಲ ಎಂದು ಉಪಚರಿಸಿದರು. ಅವನ ಕೈ ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿತ್ತು. ಟೈಲರಣ್ಣ ನೀರು ಮುಟ್ಟಲಿಲ್ಲ. ತಾಯಿ ಒಳಗೆ ಹೋದ ಮೇಲೆ, "ನಾನು ಹಾಗೆ ಹೇಳ್ಬಾರ್ದಿತ್ತು. ತಪ್ಪಾಯ್ತು ಮಗಾ" ಎಂದರು.

ಅವನು ಕಟ್ಟಿದ ಬಟ್ಟೆಯೊಳಗೆ ಕೈಯನ್ನು ಸರಿಮಾಡಿಕೊಂಡ.

"ಆಟದಲ್ಲಿ ಎಲ್ರೂ ಹೇಳ್ತಾರೆ ಟೈಲರಣ್ಣ. ಅದಕ್ಕೆ ಬೇಸರ ಇಲ್ಲ" ಎಂದ. "ಆದ್ರೆ ಅಂಗಿ ತೆಗೆದು ನಾನು ನಿಂತದ್ದು ನಿಮ್ಮ ಒಬ್ಬರ ಎದುರು ಮಾತ್ರ."

ಹೊರಡುವಾಗ ನನ್ನ ಕಡೆಗೆ ತಿರುಗಿ, "ನೀವು ಒಳ್ಳೆ ಹಿಡಿದ್ರಿ" ಎಂದ. ಹಿಡಿತ ನನ್ನ ಚುರುಕುತನವೆಂದು ಅವನು ತಿಳಿದಿದ್ದಾನೆ, ಹಾಗೆಯೇ ಇರಲಿ ಎಂದುಕೊಂಡೆ. ಜೇಬಿನಲ್ಲಿ ಬ್ಯಾಂಕಿನ ಕಾಗದವಿತ್ತು, ಅದನ್ನೂ ಹೇಳಲಿಲ್ಲ.

ಅಂದಿನಿಂದ ಟೈಲರಣ್ಣ ಮೈದಾನಕ್ಕೆ ಬರಲಿಲ್ಲ. ಜನ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದರು. ಜನರಿಗೆ ವಿಚಿತ್ರವೆನಿಸಿದ್ದು ಇನ್ನೊಂದು ಸಂಗತಿ. ಅವರು ಯಾರ ಮೈಗೂ ಟೇಪು ಹಿಡಿಯುವುದನ್ನು ಬಿಟ್ಟರು. ಗಿರಾಕಿ ಬಂದರೆ, "ಅಳತೆಗೆ ಒಂದು ಹಳೆ ಅಂಗಿ ಕೊಟ್ಟು ಹೋಗಿ" ಎನ್ನುತ್ತಿದ್ದರು. ಅಂಗಿ ತರದವರನ್ನು ಹಿಂದಕ್ಕೆ ಕಳಿಸುತ್ತಿದ್ದರು. ಒಳಗಿನ ಪರದೆಯನ್ನೂ ಕಳಚಿ ಹಾಕಿದರು. ಎಷ್ಟೋ ಗಿರಾಕಿಗಳು ಬೇಸರಪಟ್ಟು ಬೇರೆ ಅಂಗಡಿ ಹಿಡಿದರು. ಕೆಲಸಕ್ಕೆ ಸೇರುವ ದಿನಕ್ಕೆಂದು ನಾನು ಬಟ್ಟೆ ಕೊಂಡುಹೋಗಿ, ಯಾವಾಗಿನಂತೆ ಕೈ ಅಗಲಿಸಿ ನಿಂತೆ. ಅವರು ಯಂತ್ರದಿಂದ ತಲೆ ಎತ್ತಲಿಲ್ಲ.

"ನಿನ್ನದೂ ಹಳೆ ಅಂಗಿ ತಾ" ಎಂದರು.

ಅಂಗಿ ಚೆನ್ನಾಗಿಯೇ ಹೊಲಿದು ಕೊಟ್ಟರು, ಎಲ್ಲೂ ಒಂದು ನೂಲು ಹೆಚ್ಚುಕಮ್ಮಿಯಿಲ್ಲ. ಆದರೆ ನನಗೆ ಅಳು ಬಂದಿತ್ತು. ಆಮೇಲೆ ವರ್ಗಾವಣೆಯ ಮೇಲೆ ಊರೂರು ತಿರುಗಿದೆ, ಹೋಗಿ ಬರುವುದು ಕಡಿಮೆಯಾಯಿತು. ನಿಜ ಹೇಳಬೇಕೆಂದರೆ ನಾನೇ ಕಡಿಮೆ ಮಾಡಿದೆ. ಅವರನ್ನು ನೋಡಿದರೆ ನನ್ನ ಅಂಗೈಗೆ ಆ ಭುಜದ ನೆನಪಾಗುತ್ತಿತ್ತು.

ಟೈಲರಣ್ಣ ಹೋಗಿ ಎರಡು ವರ್ಷವಾಯಿತು. ಅವರ ಉತ್ತರಕ್ರಿಯೆಯ ಊಟಕ್ಕೆ ಹೋದಾಗ ಕೈತೊಳೆಯುವ ನಲ್ಲಿಯ ಹತ್ತಿರ, ಎಡಭುಜ ಇಳಿದ ಒಬ್ಬ ನರೆಗೂದಲಿನವನು ನಿಂತಿದ್ದ. ಗುರುತು ಸಿಗಲು ಮುಖ ನೋಡಬೇಕಾಗಲಿಲ್ಲ. ಗೇರುಬೀಜದ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ನಿವೃತ್ತನಾಗಿದ್ದನಂತೆ. ಆ ಭೇಟಿಯ ನಂತರವೂ ಟೈಲರಣ್ಣ ವರ್ಷಕ್ಕೊಂದು ಸಲ ಕಾರ್ಕಳಕ್ಕೆ ಹೋಗಿ ಅವನನ್ನು ಮಾತಾಡಿಸಿ ಬರುತ್ತಿದ್ದರಂತೆ. ಅದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಹೊತ್ತದ್ದನ್ನು ಇಳಿಸಿಬಿಡಬೇಕೆನಿಸಿತು.

"ಆವತ್ತು ಅವರು ಹೇಳಿದ್ದು ಕೇಳಿಯೇ ನಾನು ಎಡಗೈ ಹಿಡಿದದ್ದು" ಎಂದೆ. "ಅವರ ಹತ್ರ ಹಾಗೆ ಹೇಳಿಸಿದ್ದೂ ನಾನೇ ಅಂತ ಇಟ್ಕೊಳ್ಳಿ."

ಅವನು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ.

"ಗೊತ್ತುಂಟು. ಅವತ್ತೇ ಗೊತ್ತಿತ್ತು" ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಅವರು ಬಂದು ತಪ್ಪಾಯ್ತು ಅಂದ್ರು. ನೀವು ಜೊತೆಗೆ ಬಂದಿದ್ರಿ, ಅಷ್ಟೆ."

ಯಾರೋ ಕರೆದರು, ಅವನು ಊಟದ ಪಂಕ್ತಿಯ ಕಡೆಗೆ ಹೋದ. ನಾನು ನಲ್ಲಿಯ ಹತ್ತಿರ ಉಳಿದೆ. ಕ್ಷಮಿಸಿ ಎನ್ನುವ ಒಂದು ಮಾತನ್ನು ಆಗಲೂ ನಾನು ಹೇಳಿರಲಿಲ್ಲ ಎಂದು ಹೊಳೆದದ್ದು ಮನೆಗೆ ಬಂದ ಮೇಲೆ. ಹೇಳಿದ್ದು ನನ್ನ ಭಾರವನ್ನು ಮಾತ್ರ.

ಈಗ ಆ ಓಣಿಯಲ್ಲಿ ಮೊಬೈಲಿನ ಅಂಗಡಿಗಳಿವೆ. ಟೈಲರಣ್ಣನ ಜೊತೆಗೆ ಅವರ ತಮಾಷೆಯೂ ಹೋಯಿತು, ಅವರಿಲ್ಲವೆಂಬುದು ದಿನದಿನಕ್ಕೆ ಹೆಚ್ಚು ನೋಯುತ್ತದೆ. ಅವರಿದ್ದಿದ್ದರೆ "ಬಾ, ಹೋಗಿ ಬರುವ" ಎಂದು ಮತ್ತೊಮ್ಮೆ ಕರೆದುಕೊಂಡು ಹೋಗುತ್ತಿದ್ದರೋ ಏನೋ. ನನಗೆ ಪಿಂಚಣಿ ಬರುತ್ತದೆ, ದಿನವಿಡೀ ಬಿಡುವಿದೆ. ಕಾರ್ಕಳಕ್ಕೆ ಇಲ್ಲಿಂದ ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ನಾನಿನ್ನೂ ಹೋಗಿಲ್ಲ.