ದಾಳಿಂಬೆ ಎಲೆ ಹಿಡಿದು ಹೈದರಾಬಾದಿಗೆ

ಬೆಳಿಗ್ಗೆ ಆರಕ್ಕೆ ಹುಮನಾಬಾದಿನಲ್ಲಿ ಬಸ್ಸು ಹತ್ತಿದೆವು. ಅಕ್ಕ ಶಾಂತಾಳ ತೊಡೆಯ ಮೇಲೊಂದು ಕೈಚೀಲ. ಅದರಲ್ಲಿ ಅವಳ ತೋಟದ ಮೂರು ದಾಳಿಂಬೆ ಕಾಯಿ, ಒಂದಿಷ್ಟು ಎಲೆ. ಎಲ್ಲದರ ಮೇಲೂ ಕಪ್ಪು ಚುಕ್ಕೆ. ಊರಿನವರು ನೋಡಿ, ಇದು ದುಂಡಾಣು ರೋಗ, ಗಿಡ ಕಿತ್ತು ಸುಡುವುದೊಂದೇ ದಾರಿ ಎಂದಿದ್ದರು. ಭಾವ ಮರುದಿನಕ್ಕೆ ಜೆಸಿಬಿಗೆ ಹೇಳಿಯೂ ಆಗಿತ್ತು. ಗುಂಡಿ ತೋಡಿಸುವುದರಿಂದ ಹಿಡಿದು ಆರುನೂರು ಗಿಡವನ್ನೂ ನೋಡಿಕೊಂಡವಳು ಅಕ್ಕ. ಒಂದೇ ಒಂದು ದಿನ ತಡೆಯಿರಿ ಎಂದು ಬೇಡಿಕೊಂಡಿದ್ದಳು. ನನಗೆ ತೆಲುಗು ಬರುತ್ತದೆಂದು, ಪಾಠ ಮಾಡುವ ಶಾಲೆಗೆ ರಜೆ ಹಾಕಿ ಜೊತೆಗೆ ಹೊರಟಿದ್ದೆ.

ಪಟಾನ್‌ಚೆರುವಿನವರೆಗೆ ಬಸ್ಸು ಚೆನ್ನಾಗಿಯೇ ಓಡಿತು, ಆಮೇಲೆ ತೆವಳಿತು. ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಇಳಿದಾಗ ಹತ್ತೂವರೆ. ಮೋಡ ಕವಿದು ಧಗೆ. ಆಟೋ ಹಿಡಿದು ಊರಂಚಿನ ಹಣ್ಣಿನ ಸಂಶೋಧನಾ ಕೇಂದ್ರ ತಲುಪಿದರೆ, ಗಿಡಗಳ ರೋಗ ನೋಡುವ ವಿಜ್ಞಾನಿ ತೋಟಕ್ಕೆ ಹೋಗಿದ್ದರು. ಒಂದು ಗಂಟೆ ಬೆಂಚಿನ ಮೇಲೆ ಕಾದೆವು.

ಬಂದವರು ಐವತ್ತರ ಆಸುಪಾಸಿನ ಹೆಂಗಸು, ಕಾಲಿಗೆ ಕೆಸರು. ಹೆಸರು ಪದ್ಮಜಾ. ಚೀಲ ಬಿಚ್ಚಿದ್ದೇ ತೆಲುಗಿನಲ್ಲಿ ರೇಗಿದರು: ಪ್ಲಾಸ್ಟಿಕ್ ಕವರಿನಲ್ಲಿ ಎಲೆ ಬೆವರಿ ಕೊಳೆತಿತ್ತು.

"ಅಷ್ಟು ದೂರಿಂದ ಬಂದೀವಿ, ಬೈಲತ್ತಾರ ನೋಡು," ಅಕ್ಕ ನನ್ನ ಕಡೆ ತಿರುಗಿ ಗೊಣಗಿದಳು.

"ಬೈಯಾಕತ್ತಿಲ್ಲವ್ವ. ಒಣಗಿದ್ದು ಒಂದ್ ಎಲಿನಾದ್ರೂ ಐತೇನು, ನೋಡು," ಎಂದರು ವಿಜ್ಞಾನಿ. "ನಾನೂ ಆ ಕಡೆಯಾಕಿನ, ರಾಯಚೂರು."

ನನ್ನ ತೆಲುಗಿನ ಕೆಲಸ ಅಲ್ಲಿಗೆ ಮುಗಿಯಿತು.

ಚೀಲದ ತಳದಲ್ಲಿ ಪೇಪರಿನಲ್ಲಿ ಸುತ್ತಿದ ನಾಲ್ಕು ಎಲೆ ಸಿಕ್ಕವು. ಪದ್ಮಜಾ ಚುಕ್ಕೆಯ ಅಂಚನ್ನು ಬ್ಲೇಡಿನಿಂದ ಕತ್ತರಿಸಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟರು. "ಕತ್ತರಿಸಿದ್ದರ ಅಂಚಿಂದ ಹೊಗಿ ಎದ್ದಂಗ ಬಂದ್ರ ದುಂಡಾಣು. ನೀನ ನೋಡವ್ವ."

ಅಕ್ಕ ಸೆರಗು ಬಿಗಿಹಿಡಿದು ಬಗ್ಗಿದಳು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಹೊಗಿ ಎಲ್ಲೂ ಕಾಣ್ಲಿಲ್ರೀ," ಎಂದಳು, ತಪ್ಪು ಮಾಡಿದವಳ ಹಾಗೆ.

ಪದ್ಮಜಾ ಆ ಎಲೆಯನ್ನೂ ಉಳಿದ ಮೂರನ್ನೂ ಕಾಯಿಯ ಸಿಪ್ಪೆಯನ್ನೂ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕೊನೆಗೆ ತಲೆ ಎತ್ತಿದರು.

"ಇದು ದುಂಡಾಣು ಅಲ್ಲ, ಬೂಷ್ಟಿನ ಜಾತೀದು. ಮಳಿ ಹೆಚ್ಚಾಗಿ ಬಂದೈತಿ. ಗಿಡ ಕೀಳಬ್ಯಾಡ್ರಿ. ಚುಕ್ಕಿ ಬಿದ್ದ ಎಲಿ, ಕಾಯಿ ಆರಿಸಿ ಸುಡ್ರಿ, ಟೊಂಗಿ ಸವರಿ ಗಾಳಿ ಆಡಂಗ ಮಾಡ್ರಿ."

"ಕೀಳೋದು ಬ್ಯಾಡ?"

"ಬ್ಯಾಡ."

ಅಕ್ಕ ಅದನ್ನೇ ಇನ್ನೆರಡು ಸಲ ಕೇಳಿದಳು. ಪದ್ಮಜಾ ಎರಡು ಸಲವೂ ಬೇಸರವಿಲ್ಲದೆ ಉತ್ತರಿಸಿ, ಸಿಂಪಡಿಸಬೇಕಾದ ಔಷಧಿಯನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟರು. ಅಕ್ಷರ ಮರೆತುಹೋಗಿದ್ದವೇನೋ, ಒಂದೆರಡು ಕಡೆ ಹೊಡೆದು ತಿದ್ದಿದ್ದರು.

ಗೇಟಿನ ಹೊರಗೆ ಬಂದು ಅಕ್ಕ ಫೋನ್ ಹಚ್ಚಿದಳು. "ಜೆಸಿಬಿಗಿ ಬ್ಯಾಡನ್ರಿ. ಗಿಡ ಬದುಕ್ತಾವಂತ." ಆ ಕಡೆ ಭಾವ ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ, "ಊಟ ಮಾಡೀರೇನು?" ಎಂದರು.

ಮಾಡಿರಲಿಲ್ಲ. ರಸ್ತೆ ದಾಟಿ ಒಂದು ಮೆಸ್ಸಿನಲ್ಲಿ ಕೂತೆವು. ಬಿಸಿ ಅನ್ನ, ತೊವ್ವೆಯಂಥ ಪಪ್ಪು, ಪುಂಡಿ ಸೊಪ್ಪಿನ ಗೋಂಗೂರ ಪಚ್ಚಡಿ. ಅಕ್ಕ ಎರಡು ಸಲ ಅನ್ನ ಹಾಕಿಸಿಕೊಂಡಳು.

ಮೂರರ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಊರು ಇನ್ನೂ ಹಿಂದೆ ಸರಿದಿರಲಿಲ್ಲ, ಅವಳಿಗೆ ನಿದ್ದೆ ಹತ್ತಿತ್ತು. ಜಹೀರಾಬಾದಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಎಲ್ಲರೂ ಇಳಿದರು. ಅವಳ ತಲೆ ನನ್ನ ಹೆಗಲ ಮೇಲಿತ್ತು, ನಾನು ಇಳಿಯಲಿಲ್ಲ.