ಬಾಯ್ಲರಿನಲ್ಲಿ ಉಳಿದ ನೀರು

ರೈಲೇ ಇಲ್ಲದ ಬಹರೈನಿನಲ್ಲಿ ನಾನು ರೈಲಿಗೆ ಬೆಂಕಿ ಹಾಕುತ್ತೇನೆ ಎಂದರೆ ಊರಿನವರು ನಗುತ್ತಾರೆ. ನಗಲಿ. ಬುದಯ್ಯದ ಒಂದು ಖರ್ಜೂರದ ತೋಟದಲ್ಲಿ, ಗೇಣಗಲದ ಹಳಿಯ ಮೇಲೆ, ಮೊಣಕಾಲೆತ್ತರದ ಉಗಿಬಂಡಿಯೊಂದು ಓಡುತ್ತದೆ. ಗಾತ್ರ ನೋಡಿ ಆಟಿಕೆ ಎನ್ನಬೇಡಿ. ಕಲ್ಲಿದ್ದಲು ತಿನ್ನುತ್ತದೆ, ನೀರು ಕುಡಿಯುತ್ತದೆ, ಸಿಟ್ಟು ಬಂದರೆ ಕೈ ಸುಡುತ್ತದೆ. ಎಂದೋ ಇಲ್ಲಿದ್ದ ಬ್ರಿಟಿಷ್ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ತೋಟದ ಯಜಮಾನರಿಗೆ ಕೊಟ್ಟುಹೋದದ್ದು. ಚಳಿಗಾಲದ ಶುಕ್ರವಾರಗಳಲ್ಲಿ ಹಿಂದಿನ ಬೆಂಚುಗಳ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಅದನ್ನು ಓಡಿಸುವವರು ನಾವು, ಸಂಬಳವಿಲ್ಲದ ಒಂದಷ್ಟು ಜನ. ವಾರವಿಡೀ ಸೀಫ್‌ನ ಆಫೀಸಿನ ಏಸಿಯಲ್ಲಿ ಕೂತು ಬೇರೆಯವರ ವೀಸಾ ನೋಡುವ ನನಗೆ ಆ ಮಸಿಯೇ ರಜೆ.

ಚಾಲಕರು ಮಾತ್ರ ಒಬ್ಬರೇ. ಮಂಗಳೂರು ಕಡೆಯ ಕ್ಯಾಥೊಲಿಕ್ ಹಿರಿಯರು. ಆಸ್ಪತ್ರೆಯೊಂದರ ಬಾಯ್ಲರ್ ರೂಮಿನಲ್ಲಿ ದುಡಿದು ನಿವೃತ್ತರಾಗಿ ಈಗ ರಿಫಾದಲ್ಲಿ ಮಗಳ ಮನೆಯಲ್ಲಿದ್ದಾರೆ. ಉಡುಪಿಯವಳಾದ ನಾನು ಅವರನ್ನು ಅಂಕಲ್ ಎನ್ನುತ್ತೇನೆ. ಬೆಂಕಿ ಹಾಕುವುದನ್ನು ನನಗೆ ಕಲಿಸಿದವರು ಅವರೇ.

ನಮ್ಮಲ್ಲೊಂದು ಕಟ್ಟಳೆಯಿದೆ. ಆ ದಿನ ಬಂಡಿ ಓಡಿಸಿದವರು ಬಾಯ್ಲರಿನ ನೀರನ್ನು ಪೂರ್ತಿ ಖಾಲಿ ಮಾಡಿಯೇ ಮನೆಗೆ ಹೋಗಬೇಕು. ಇಲ್ಲಿನ ನೀರಿನಲ್ಲಿ ಉಪ್ಪು ಜಾಸ್ತಿ. ಒಳಗೆ ನಿಂತರೆ ನಿಧಾನವಾಗಿ ಬಾಯ್ಲರನ್ನೇ ತಿಂದುಬಿಡುತ್ತದೆ. ಈ ವಿಷಯದಲ್ಲಿ ಅಂಕಲ್ ಮಹಾ ಕಟ್ಟುನಿಟ್ಟು. ಒಮ್ಮೆ ಅವರಿಗೆ ಕೈಜೋಡಿಸಲು ಹೋದ ನಾನು ನೀರು ಬಿಡುವ ನಲ್ಲಿಯನ್ನು ಬೇಗ ಮುಚ್ಚಿದ್ದಕ್ಕೆ ಎರಡು ವಾರ ಮುಖ ಕೊಟ್ಟು ಮಾತಾಡಿರಲಿಲ್ಲ.

ಕೊರೊನಾದಿಂದ ಎಲ್ಲ ಮುಚ್ಚುತ್ತದೆ ಎಂಬ ಸುದ್ದಿ ಬಂದ ಶುಕ್ರವಾರ ಅದೇ ಅಂಕಲ್ ನೀರು ಬಿಡದೆ ಹೋದರು. ಮಗಳು ಆಸ್ಪತ್ರೆಯಲ್ಲಿ ನರ್ಸ್. ಅವಳ ಫೋನ್ ಬಂದದ್ದೇ ತಡ, ಕೈ ಕೂಡ ತೊಳೆಯದೆ ಕಾರು ಹತ್ತಿದರು. ಮರುದಿನ ಮಾಸ್ಕ್ ಕಟ್ಟಿಕೊಂಡು ನಾನು ಬುದಯ್ಯಕ್ಕೆ ಹೋಗಿ ನೀರು ಬಿಟ್ಟು, ಸಣ್ಣ ಬೆಂಕಿಯಲ್ಲಿ ಒಳಗನ್ನು ಒಣಗಿಸಿ ಬಂದೆ. ಅವರಿಗೆ ಹೇಳಲಿಲ್ಲ. ಹೇಳಿದರೆ ತಪ್ಪು ತೋರಿಸಿದ ಹಾಗಾಗುತ್ತದೆ ಅನ್ನಿಸಿತ್ತು.

ಮತ್ತೆ ತೋಟದ ಗೇಟು ತೆರೆಯುವಾಗ ನಮ್ಮಲ್ಲಿ ಅರ್ಧ ಜನ ಇರಲಿಲ್ಲ. ಕೆಲಸ ಹೋಗಿ ಕೆಲವರು ಊರು ಸೇರಿದ್ದರು. ಹಳಿ ಮರಳಿನಡಿಯಲ್ಲಿತ್ತು, ಬೆಂಚುಗಳ ಮರ ಬಿರಿದಿತ್ತು. ಉಳಿದವರು ವಾರಗಟ್ಟಲೆ ಬೆನ್ನು ಮುರಿದು ಎಲ್ಲ ಸರಿಮಾಡಿದೆವು. ಬಾಯ್ಲರಿಗೆ ತಣ್ಣೀರು ತುಂಬಿ ಪಂಪ್ ಒತ್ತಿ ಪರೀಕ್ಷೆ ಮಾಡಿದವಳು ನಾನೇ. ಒತ್ತಡ ತೋರಿಸುವ ಮುಳ್ಳು ಏರಿದಲ್ಲಿಂದ ಅಲುಗಲಿಲ್ಲ. ಒಂದು ಹನಿ ಸೋರಲಿಲ್ಲ. ಖುಷಿಯಿಂದ ಕುಣಿಯುವುದೊಂದು ಬಾಕಿ.

ಆ ವಾರವೇ ಅಂಕಲ್ ಬಂದರು. ಕೊರೊನಾ ಅವರನ್ನು ಹಿಂಡಿಹಾಕಿತ್ತು. ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕೊಟ್ಟೆ, ತುಟಿಗೆ ಮುಟ್ಟುವ ಮೊದಲೇ ಅರ್ಧ ಅಂಗಿಯ ಮೇಲೆ ಚೆಲ್ಲಿತು. ಕೈ ನಡುಗುತ್ತಿತ್ತು. ಉಗಿ ಬಿಡುವ ಹಿಡಿಯನ್ನು ಕೂದಲೆಳೆಯಷ್ಟು ಸರಿಸಬೇಕಾದ ಕೈ ಅದು. ಹಿಂದೆ ಕೂರುವುದು ಮಕ್ಕಳು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. "ನಿಮ್ಮ ಕಡೆಯವರಲ್ವಾ, ನೀವೇ ಹೇಳಿ" ಎಂದು ಉಳಿದವರು ನನ್ನನ್ನು ಮುಂದೆ ತಳ್ಳಿದರು.

ಆಫೀಸಿನಲ್ಲಿ ಮ್ಯಾನೇಜರಿಗೂ ಎದುರುತ್ತರ ಕೊಡುವ ನನಗೆ, ಇನ್ನು ನೀವು ಓಡಿಸಬೇಡಿ ಎನ್ನಲು ಆಗಲಿಲ್ಲ.

"ಅಂಕಲ್, ಬಾಯ್ಲರ್ ಪ್ರೆಷರ್ ಹಿಡಿಯುದಿಲ್ಲ. ಈ ವರ್ಷ ಉಗಿಬಂಡಿ ಆಗ್ಲಿಕ್ಕಿಲ್ಲ" ಎಂದೆ.

ಜಾಣತನ ಮಾಡಿದೆ ಅಂದುಕೊಂಡೆ. ಯಾರ ಮರ್ಯಾದೆಯೂ ಹೋಗಲಿಲ್ಲ, ಒಂದು ಚಳಿಗಾಲ ಹೀಗೆ ದಾಟಿದರೆ ಅವರೇ ಬಿಡುತ್ತಾರೆ ಎಂಬ ಲೆಕ್ಕ. ಮಕ್ಕಳ ಬೆಂಚುಗಳನ್ನು ಎಳೆಯಲು ಬ್ಯಾಟರಿಯ ಎಂಜಿನೊಂದನ್ನು ಎರವಲು ತಂದೆವು. ಬಾಯ್ಲರ್ ಕೆಟ್ಟಿತು ಎಂದರೆ ಅಂಕಲ್ ಕಿವಿಗೆ ಅದಕ್ಕೆ ಒಂದೇ ಅರ್ಥ ಎನ್ನುವುದು ಮಾತ್ರ ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಅವರು ಪ್ರತಿ ಶುಕ್ರವಾರ ಬರತೊಡಗಿದರು. ನಮ್ಮ ಜೊತೆ ಚಹಾಕ್ಕೆ ಕೂರುತ್ತಿರಲಿಲ್ಲ. ಪೊರಕೆ ಹಿಡಿದು ಹಳಿಯ ಮೇಲಿನ ಮರಳು ಗುಡಿಸುತ್ತಿದ್ದರು. ಗಾಳಿ ಮತ್ತೆ ತರುತ್ತಿತ್ತು, ಮತ್ತೆ ಗುಡಿಸುತ್ತಿದ್ದರು. "ಬಿಡಿ ಅಂಕಲ್, ನಾವು ಮಾಡ್ತೇವೆ" ಎಂದರೆ ತಲೆ ಎತ್ತುತ್ತಿರಲಿಲ್ಲ. ವಯಸ್ಸಾದವರ ಹಟ ಎಂದು ನಾನೂ ಸುಮ್ಮನಾದೆ.

ಜನವರಿಯ ಒಂದು ಬೆಳಿಗ್ಗೆ ಪುಟ್ಟ ಹುಡುಗಿಯೊಬ್ಬಳು ಟಾರ್ಪಲ್ ಹೊದಿಸಿದ ಎಂಜಿನ್ ತೋರಿಸಿ ಅದೇನೆಂದು ಅವರನ್ನು ಕೇಳಿದಳು. ನಾನು ಎರಡು ಮಾರು ದೂರದಲ್ಲಿದ್ದೆ. ಅಂಕಲ್ ಪೊರಕೆ ಬಿಟ್ಟು, ಆ ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತು, ತಮಗೆ ಬರುವ ಇಂಗ್ಲಿಷಿನಲ್ಲಿ ಹೇಳಿದರು: ಇದು ಬೆಂಕಿಯಲ್ಲಿ ಓಡುತ್ತಿದ್ದ ನಿಜವಾದ ರೈಲು, ಇದನ್ನು ಹಾಳು ಮಾಡಿದವನು ನಾನು, ಸಾರಿ.

ಮಗುವಿನ ಹತ್ತಿರ ಕ್ಷಮೆ ಕೇಳುತ್ತಿದ್ದಾರೆ, ಅದೂ ನನ್ನ ಸುಳ್ಳಿಗೆ! ಹುಡುಗಿ ಹೋದ ಮೇಲೆ ಅವರ ಪಕ್ಕ ಮರಳಿನಲ್ಲೇ ಕೂತು, ಬಾಯ್ಲರ್ ಕೆಟ್ಟಿಲ್ಲ, ನಾನು ಹೇಳಿದ್ದು ಸುಳ್ಳು ಎಂದುಬಿಟ್ಟೆ.

"ಒಳಗೆ ನೀರು ಇರ್ಲಿಲ್ವಾ?" ಅಂಕಲ್ ಕೇಳಿದ್ದು ಅದೊಂದನ್ನೇ.

"ಇಲ್ಲ ಅಂಕಲ್. ಮರುದಿನವೇ ಬಂದು ನಾನು ಖಾಲಿ ಮಾಡಿದ್ದೆ. ಬಾಯ್ಲರ್ ಗಟ್ಟಿ ಉಂಟು."

ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ತಮ್ಮ ನಡುಗುವ ಕೈಯನ್ನು ನನ್ನ ಮುಂದೆ ಚಾಚಿದರು. "ಹಾಗಾದ್ರೆ ಇದಾ ಕಾರಣ?"

ನಾನು ಹೌದೆಂದು ತಲೆಯಾಡಿಸಿದೆ. ಬೈಯಲಿ ಎಂದು ಕಾಯುತ್ತಿದ್ದೆ. ಅವರು ಎದ್ದು ಹೋಗಿ ತಮ್ಮ ಚೀಲ ತಂದು ಒಂದು ಜೊತೆ ತೊಗಲಿನ ಕೈಗವಸು ತೆಗೆದರು. ಬಂಡಿ ಓಡಿಸುವಾಗ ಹಾಕುವಂಥವು, ಹೊಚ್ಚ ಹೊಸವು. ಅವರ ದಪ್ಪ ಬೆರಳು ತೂರದಷ್ಟು ಚಿಕ್ಕವು.

"ನಿನ್ನ ಅಳತೆ ಮಾರಾಯ್ತಿ. ಈ ಕೈ ಇನ್ನು ಆಗುದಿಲ್ಲ ಅಂತ ನಂಗೆ ಗೊತ್ತಿಲ್ವಾ? ಮೊದಲ ದಿನವೇ ಕೊಡುವ ಅಂತ ತಂದದ್ದು. ನೀನು ಬಾಯ್ಲರ್ ಹೋಯ್ತು ಅಂದಿ. ನಾನೇ ಹಾಳು ಮಾಡಿದ ಮೇಲೆ ಎಂಥ ಮುಖ ಇಟ್ಕೊಂಡು ಇದನ್ನು ಕೊಡುದು ಅಂತ ಚೀಲದಲ್ಲೇ ಬಿಟ್ಟೆ."

ಮುಂದಿನ ಶುಕ್ರವಾರ ಉಗಿ ಎಬ್ಬಿಸಿದೆವು. ಹಿಡಿ ನನ್ನ ಕೈಯಲ್ಲಿತ್ತು. ಅಂಕಲ್ ನನ್ನ ಬೆನ್ನ ಹಿಂದೆ ಮೊದಲ ಬೆಂಚಿನಲ್ಲಿ ಕೂತು, ತಿರುವು ಬಂದಾಗಲೆಲ್ಲ "ಮೆಲ್ಲ, ಮೆಲ್ಲ" ಎನ್ನುತ್ತಿದ್ದರು. ಸಂಜೆ ಚಹಾಕ್ಕೆ ಎಲ್ಲರ ಜೊತೆ ಕೂತರು. ಈಗಲೂ ಬರುತ್ತಾರೆ, ನಾನು ನೀರು ಖಾಲಿ ಮಾಡುವವರೆಗೆ ಪಕ್ಕದಲ್ಲೇ ನಿಲ್ಲುತ್ತಾರೆ. ಒಂದು ದಿನವೂ ನನ್ನನ್ನು ಬೈದಿಲ್ಲ. ಆದರೆ ಆ ಕೈಗವಸಿಗೆ ಬೆರಳು ತೂರಿಸುವಾಗಲೆಲ್ಲ ನನ್ನ ಮುಖ ಬಿಸಿಯಾಗುತ್ತದೆ. ಇದನ್ನು ಕೊಡಲೆಂದು ಬಂದವರ ಕೈಗೆ ನಾನು ಪೊರಕೆ ಕೊಟ್ಟಿದ್ದೆ.